ದುವಾ ಸಾಕಷ್ಟಾಯಿತು, ಮಾಸ್ತರೆಲ್ಲಿ?

ಆಟಿಸಂ ಇರುವ ಮಗುವಿನ ತಾಯಿಗೆ ನಮ್ಮ ಭಾಗದಲ್ಲಿ ಸಲಹೆಗಳ ಬರವಿಲ್ಲ. ಇಳಕಲ್ಲಿನ ಓಣಿಯಲ್ಲಾಗಲಿ, ಹುನಗುಂದದ ಬಸ್ ನಿಲ್ದಾಣದಲ್ಲಾಗಲಿ, ಬಾದಾಮಿಯ ಬನಶಂಕರಿ ಜಾತ್ರೆಯ ಗದ್ದಲದಲ್ಲಾಗಲಿ ಮಗು ಕಿವಿ ಮುಚ್ಚಿಕೊಂಡು ಚೀರಿತೆಂದರೆ ನಾಲ್ಕು ಜನ ಸೇರುತ್ತಾರೆ. ಒಬ್ಬರು ನಜರ್ ಎನ್ನುತ್ತಾರೆ, ಇನ್ನೊಬ್ಬರು ಸಾಯಾ ಎನ್ನುತ್ತಾರೆ, ಮೂರನೆಯವರು ತಾಯತ ಕಟ್ಟುವವರ ವಿಳಾಸ ಹೇಳುತ್ತಾರೆ. ನಾಲ್ಕನೆಯವರು ಸ್ವಲ್ಪ ಓದಿದವರಾಗಿದ್ದರೆ, ಮೊಬೈಲ್ ಕೊಟ್ಟಿದ್ದರಿಂದಲೇ ಹೀಗಾಯಿತೆಂದು ತೀರ್ಪು ಕೊಟ್ಟು ಬಸ್ ಹತ್ತುತ್ತಾರೆ. ಇವರ ಸದಾಶಯವನ್ನು ನಾನು ಅನುಮಾನಿಸುವುದಿಲ್ಲ. ಆದರೆ ಇಂಥ ಮಗನನ್ನು ಹದಿನಾಲ್ಕು ವರ್ಷ ಸಾಕಿರುವ ನಾನು ಕೇಳುವುದಿಷ್ಟೆ: ಇಷ್ಟೊಂದು ಸಲಹೆಗಾರರಿರುವ ಊರಿನಲ್ಲಿ ಆ ಮಗುವಿಗೆ ಕಲಿಸಬಲ್ಲ ಒಬ್ಬ ಮಾಸ್ತರು ಯಾಕಿಲ್ಲ?

ಎಲ್ಲ ಸಲಹೆಗಳೂ ಕೊನೆಗೆ ಬಂದು ನಿಲ್ಲುವುದು ತಾಯಿಯ ಮೇಲೆ. "ಮಾಂ ಕಾಮಕು ಗಯೀ ತೋ ಐಸಾಚ್ ಹೋತಾ" ಎಂದು ನಮ್ಮ ಓಣಿಯ ಹಿರಿಯರೊಬ್ಬರು ನನ್ನೆದುರೇ ಹೇಳಿದ್ದರು. ಅವರು ಓದಿದವರಲ್ಲ, ಬಿಡಿ. ಆದರೆ ಓದಿದವರು ಹೇಳಿದ್ದೇನು? ಅಮೆರಿಕದ ಬಾಲ್ಟಿಮೋರ್‌ನಲ್ಲಿ ವೈದ್ಯ ಲಿಯೊ ಕ್ಯಾನರ್ 1943ರಲ್ಲಿ 11 ಮಕ್ಕಳ ವಿವರ ಬರೆದು ಈ ಸ್ಥಿತಿಗೆ ಹೆಸರು ಕೊಟ್ಟ. ಆ ಮಕ್ಕಳ ತಂದೆತಾಯಂದಿರಲ್ಲಿ ಬೆಚ್ಚನೆಯ ಸ್ವಭಾವದವರು ಕಡಿಮೆ ಎಂಬ ಮಾತನ್ನೂ ಅವನೇ ಸೇರಿಸಿದ. ಮುಂದೆ ಬ್ರೂನೊ ಬೆಟಲ್‌ಹೈಮ್ ಎಂಬ ಷಿಕಾಗೋದ ಪ್ರೊಫೆಸರು 1967ರಲ್ಲಿ ದೊಡ್ಡ ಪುಸ್ತಕವನ್ನೇ ಬರೆದು, ತಾಯಿಯ ಪ್ರೀತಿ ಸಿಗದ ಮಗು ಹೀಗಾಗುತ್ತದೆಂದು ಸಾರಿದ. 'ಫ್ರಿಜ್ಜಿನಂಥ ತಾಯಿ' ಎಂಬ ಬೈಗುಳ ಹಬ್ಬಿತು. ಷಿಕಾಗೋದ ಪ್ರೊಫೆಸರಿಗೂ ನಮ್ಮ ಓಣಿಯ ಹಿರಿಯರಿಗೂ ಇದ್ದ ವ್ಯತ್ಯಾಸ ಕುರ್ಚಿಯದು ಮಾತ್ರ! ಅದಾಗಲೇ 1964ರಲ್ಲಿ, ಆಟಿಸಂ ಇದ್ದ ಮಗನ ತಂದೆ ಬರ್ನಾರ್ಡ್ ರಿಮ್ಲೆಂಡ್ ಎಂಬಾತ ಇದು ಮಿದುಳಿನ ಬೆಳವಣಿಗೆಯ ವಿಷಯ, ಲಾಲನೆಯದಲ್ಲ ಎಂದು ವಾದಿಸಿ ಬರೆದಿದ್ದ. ಹುಟ್ಟಿಗೆ ಮೊದಲೇ ತೊಡಗುವ ಈ ಬೆಳವಣಿಗೆಯಲ್ಲಿ ವಂಶವಾಹಿಗಳ ಪಾಲು ದೊಡ್ಡದು ಎಂಬುದು ಇಂದು ಸ್ಥಿರಪಟ್ಟ ಮಾತು. ಲಸಿಕೆಯಿಂದ ಬರುತ್ತದೆ ಎಂಬ 1998ರ ಲೇಖನವನ್ನು ಅದನ್ನು ಅಚ್ಚುಹಾಕಿದ ವೈದ್ಯಕೀಯ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿದೆ. ಆದರೂ ಆ ಸುಳ್ಳು ನಮ್ಮ ಮನೆಗಳಲ್ಲಿ ಇನ್ನೂ ಓಡಾಡುತ್ತಿದೆ.

ನಮ್ಮಂಥವರಿಗೆ ಇನ್ನೊಂದು ಹೆಚ್ಚಿನ ಶಿಕ್ಷೆಯಿದೆ. ಅದು ಭಾಷೆಯದು. ನಮ್ಮ ಮನೆಯಲ್ಲಿ ದಖನಿ, ಓಣಿಯಲ್ಲಿ ಜವಾರಿ ಕನ್ನಡ, ಶಾಲೆಯಲ್ಲಿ ಪುಸ್ತಕದ ಕನ್ನಡ. ನಾನು ನಾಲ್ಕನೆಯ ಇಯತ್ತೆಯವರೆಗೆ ಉರ್ದುವಿನಲ್ಲಿ ಕಲಿತು, ಮುಂದಕ್ಕೆ ಕನ್ನಡದಲ್ಲಿ ಓದಿ, ಕನ್ನಡದಲ್ಲೇ ಕತೆ ಬರೆಯುವವಳು. ಮಗನಿಗೆ ನಾಲ್ಕಾದರೂ ಮಾತು ಬಾರದಿದ್ದಾಗ ದೊಡ್ಡ ಊರಿನ ತಜ್ಞರೊಬ್ಬರು, ಮನೆಯಲ್ಲಿ ಉರ್ದು ನಿಲ್ಲಿಸಿ, ಒಂದೇ ಭಾಷೆ ಇಟ್ಟುಕೊಳ್ಳಿ, ಇಂಗ್ಲಿಷ್ ಆದರೆ ಇನ್ನೂ ಒಳ್ಳೆಯದು ಎಂದರು. ಮೇಜಿನ ಮೇಲೆ ಚಿತ್ರದ ಕಾರ್ಡುಗಳಿದ್ದವು: ಸ್ಯಾಂಡ್‌ವಿಚ್ಚು, ಹಿಮದ ಗೊಂಬೆ. ಜೋಳದ ರೊಟ್ಟಿ ತಿನ್ನುವ, ಹಿಮವನ್ನು ಕಂಡೇ ಇಲ್ಲದ ಇಳಕಲ್ಲಿನ ಮಗು ಅವುಗಳನ್ನು ಗುರುತಿಸಲಿಲ್ಲವೆಂದು ಅಂಕ ಕಳೆದರು.

ಆ ಸಲಹೆಯನ್ನು ನಾನು ಪಾಲಿಸಲಿಲ್ಲ. ಅದಕ್ಕೆ ಕಾರಣ ನನ್ನ ಅತ್ತೆ. ಮಗನನ್ನು ತೊಡೆಯ ಮೇಲೆ ಕೂಡಿಸಿಕೊಂಡು ದಿನಕ್ಕೆ ಎಂಟು ತಾಸು ಅವನೊಂದಿಗೆ ಮಾತಾಡುತ್ತಿದ್ದವರು ಅವರೊಬ್ಬರೇ. ಅವರು ಮಾತಾಡುತ್ತಿದ್ದುದು ದಖನಿ. ಅದನ್ನು ನಿಲ್ಲಿಸಿದ್ದರೆ ಮಗನ ಜೊತೆ ಅಜ್ಜಿಯೂ ಮೂಕಿಯಾಗುತ್ತಿದ್ದಳು. ಎರಡು ಭಾಷೆಗಳ ನಡುವೆ ಬೆಳೆದ ಆಟಿಸಂ ಮಕ್ಕಳ ಮಾತು, ಒಂದೇ ಭಾಷೆಯಲ್ಲಿ ಬೆಳೆದ ಅಂಥದೇ ಮಕ್ಕಳ ಮಾತಿಗಿಂತ ಹಿಂದೆ ಬೀಳುವುದಿಲ್ಲವೆಂದು ಕೆನಡಾ ಮುಂತಾದೆಡೆ ನಡೆದ ಅಧ್ಯಯನಗಳು ಹೇಳಿವೆ. ನನ್ನ ಮಗ ಆರನೆಯ ವರ್ಷದಲ್ಲಿ ಮೊದಲು ಕೇಳಿದ್ದು 'ಪಾನಿ'. ಅದೇ ತಿಂಗಳು ಎದುರು ಮನೆಯ ಮಗ್ಗದ ಅಕ್ಕನ ಬಳಿ ಹೋಗಿ 'ನೀರ' ಎಂದ. ಯಾರ ಹತ್ತಿರ ಯಾವ ಮಾತೆಂಬುದು ಅವನಿಗೆ ಗೊತ್ತಿತ್ತು. ಇದನ್ನು ಅಳೆಯುವ ಕಾರ್ಡು ಆ ಮೇಜಿನ ಮೇಲಿರಲಿಲ್ಲ. ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ, ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಇಷ್ಟೆಲ್ಲ ವಿದ್ವತ್ತಿರುವ ನಾಡಿನಲ್ಲಿ ದಖನಿ ಆಡುವ ಮಗುವನ್ನು ದಖನಿಯಲ್ಲೇ ಪರೀಕ್ಷಿಸುವುದು ಮಾಮೂಲಿ ಸಂಗತಿಯಾಗಬೇಕಿತ್ತು.

ಕಾನೂನಿನ ಕತೆಗೆ ಬರೋಣ. 1995ರ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಇರಲೇ ಇಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಮೊದಲ ಬಾರಿ ಅದರ ಹೆಸರು ಹಿಡಿಯಿತು. ಇದರ ಹಿಂದೆ ದಿಲ್ಲಿಯ ಮೇರಿ ಬರುವಾ ಅವರಂಥ ತಾಯಂದಿರ ಹೋರಾಟವಿದೆ. 1991ರಲ್ಲಿ ಆಕೆ ಕಟ್ಟಿದ ಪೋಷಕರ ಗುಂಪೇ ಆಕ್ಷನ್ ಫಾರ್ ಆಟಿಸಂ. 2011ರ ಜನಗಣತಿಯ ಅಂಗವಿಕಲತೆಯ ಕಾಲಮ್ಮುಗಳಲ್ಲೂ ಆಟಿಸಂಗೆ ಜಾಗವಿರಲಿಲ್ಲ. ನಮ್ಮ ಮಕ್ಕಳು 'ಇತರೆ'ಯಲ್ಲೋ ಬುದ್ಧಿಮಾಂದ್ಯದಲ್ಲೋ ಸೇರಿಹೋದರು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಗಳನ್ನು ಪಟ್ಟಿ ಮಾಡಿ ಆಟಿಸಂ ಅನ್ನು ಸೇರಿಸಿಕೊಂಡಾಗ ನನ್ನ ಮಗ ನಾಲ್ಕೈದು ವರ್ಷದವನು. ಆ ಕಾಯ್ದೆಯ ಪ್ರಕಾರ ಶೇ. 40ಕ್ಕೆ ಕಡಿಮೆಯಿಲ್ಲದ ವೈಕಲ್ಯವಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲೋ, ಬೇಕಿದ್ದರೆ ವಿಶೇಷ ಶಾಲೆಯಲ್ಲೋ, ಉಚಿತ ಶಿಕ್ಷಣ ಹಕ್ಕು.

ಆ ಶೇಕಡಾವಾರನ್ನು ಗೊತ್ತುಮಾಡುವುದು ಇಸಾ ಎಂಬ ಭಾರತೀಯ ಮಾಪನ. 40 ಅಂಶಗಳು, ಒಂದೊಂದಕ್ಕೆ 1ರಿಂದ 5 ಅಂಕ. ಒಟ್ಟು 70 ದಾಟಿದರೆ ಆಟಿಸಂ. ಮಗು ಕಣ್ಣಿಗೆ ಕಣ್ಣು ಕೊಡುವುದಿಲ್ಲವೇ, ಕರೆದರೆ ತಿರುಗುವುದಿಲ್ಲವೇ, ಆಡಿದ್ದನ್ನೇ ಆಡುತ್ತದೆಯೇ ಎಂದು ನೋಡಿ ಬರೆಯಬೇಕು. ಅಪರಿಚಿತ ಕೋಣೆಯಲ್ಲಿ, ಹೊರಗೆ ಐವತ್ತು ಜನರ ಸಾಲು ಕಾಯುತ್ತಿರುವಾಗ, ಹತ್ತು ನಿಮಿಷದಲ್ಲಿ ನೋಡಿ ಬರೆಯುವ ವಿಷಯವೇ ಇದು? ಇಳಕಲ್ಲಿಗೆ ರೈಲಿಲ್ಲ. ಬೆಳಗಿನ ಬಸ್ಸಿಗೆ ಹೊರಟು, ಹಾರ್ನಿಗೆಲ್ಲ ಬೆಚ್ಚುತ್ತ ನವನಗರ ಮುಟ್ಟಿದ ಮಗು, 'ಇಂದು ಡಾಕ್ಟರು ರಜೆ' ಎಂಬ ಮಾತಿಗೆ ತಿರುಗಿ ಅದೇ ಬಸ್ಸು ಹತ್ತಬೇಕು. ನೇಯ್ಗೆಯ ಮನೆಯಲ್ಲಿ ಒಂದು ದಿನ ಮಗ್ಗ ನಿಂತರೆ ಅಂದಿನ ಕೂಲಿ ಹೋಯಿತು. ಈ ಲೆಕ್ಕ ಯಾವ ಮಾಪನದಲ್ಲೂ ಇಲ್ಲ.

ಇಷ್ಟಾಗಿ ಕಾರ್ಡು ಸಿಕ್ಕಿತೆನ್ನಿ. ಮಾಸ್ತರು? ಪ್ರಾಥಮಿಕದಲ್ಲಿ ಇಂಥ 10 ಮಕ್ಕಳಿಗೊಬ್ಬ, ಮುಂದಿನ ತರಗತಿಗಳಲ್ಲಿ 15 ಮಕ್ಕಳಿಗೊಬ್ಬ ವಿಶೇಷ ಶಿಕ್ಷಕ ಇರಬೇಕೆಂದು ಸುಪ್ರೀಂ ಕೋರ್ಟು 2021ರಲ್ಲಿ ಹೇಳಿತು. ರಾಜ್ಯಗಳು ಆಲಸ್ಯ ಮಾಡಿದ್ದನ್ನು ಕಂಡು, ಹುದ್ದೆಗಳನ್ನು ಮಂಜೂರು ಮಾಡಿ ಪ್ರಕಟಿಸಿ ಎಂದು 2025ರ ಮಾರ್ಚಿನಲ್ಲಿ ಮತ್ತೆ ಆದೇಶಿಸಿತು. ಇಲ್ಲಿ ನಾವು ಕಾಣುವುದು ಇಡೀ ತಾಲ್ಲೂಕು ಸುತ್ತಬೇಕಾದ ಬೆರಳೆಣಿಕೆಯ ಸಂಪನ್ಮೂಲ ಶಿಕ್ಷಕರನ್ನು. ಗ್ರಾಮ ಪಂಚಾಯಿತಿಗಳಲ್ಲಿ ಗೌರವಧನಕ್ಕೆ ದುಡಿಯುವ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಸ್ವತಃ ಅಂಗವಿಕಲರು. ಅರ್ಜಿ ತುಂಬಿಸುವುದು, ಕಚೇರಿಗೆ ಓಡಾಡಿಸುವುದು ಎಲ್ಲ ಅವರೇ. ಅವರಿಗೆ ನನ್ನ ಸಲಾಂ. ಆದರೆ ಅವರನ್ನು ಮಾಸ್ತರ ಬದಲಿಗೆ ತೋರಿಸಬಾರದು.

ಸರಕಾರ ಬಿಟ್ಟ ಜಾಗಕ್ಕೆ ವ್ಯಾಪಾರಿ ಬರುತ್ತಾನೆ. ಆಟಿಸಂ 'ಗುಣಪಡಿಸುವ' ಕಾಂಡಕೋಶ ಚಿಕಿತ್ಸೆಗೆ ಲಕ್ಷಗಟ್ಟಲೆ ಕೇಳುವವರಿದ್ದಾರೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ ನೈತಿಕ ಮಂಡಳಿ 2022ರಲ್ಲೇ ಇದನ್ನು ಚಿಕಿತ್ಸೆಯಾಗಿ ಶಿಫಾರಸು ಮಾಡಲಾಗದೆಂದು ಹೇಳಿದೆ. ತಾಯತದವನು ಐನೂರಕ್ಕೆ ಬಿಡುತ್ತಾನೆ, ಇವರು ಮನೆ ಮಾರಿಸುತ್ತಾರೆ. ಸಿನಿಮಾದವರದು ಬೇರೆಯೇ ತೊಂದರೆ. 2010ರಲ್ಲಿ 'ಮೈ ನೇಮ್ ಈಸ್ ಖಾನ್' ಬಂದಾಗಿನಿಂದ, "ಇಂಥವರಿಗೆ ಏನರ ವಿಶೇಷ ಶಕ್ತಿ ಇರತೈತಂತಲ್ರಿ?" ಎಂದು ಕೇಳುವವರು ಹೆಚ್ಚಾದರು. ನನ್ನ ಮಗ ಕೆಟ್ಟ ಯಂತ್ರ ರಿಪೇರಿ ಮಾಡುವುದಿಲ್ಲ. ಕಂಡಿಕೆಗಳನ್ನು ಬಣ್ಣದಂತೆ ಸಾಲಾಗಿ ಇಡುತ್ತಾನೆ, ಅಷ್ಟೆ. ಶಕ್ತಿ ಇಲ್ಲದ ಮಗುವಿಗೆ ಬೆಂಚು ಇಲ್ಲವೇ?

ನಮ್ಮ ಜಮಾತಿನವರಿಗೂ ಒಂದು ಮಾತು. ಜುಮ್ಮಾ ದಿನ ಸಫ್ಫಿನಲ್ಲಿ ನಿಂತ ಹುಡುಗ ಕೈ ಆಡಿಸಿದನೆಂದು, ಸದ್ದು ಮಾಡಿದನೆಂದು ತೋಳು ಹಿಡಿದು ಹೊರಗೆ ಬಿಟ್ಟ ಮಸೀದಿಗಳನ್ನು ಕಂಡಿದ್ದೇನೆ. ಕುರುಡರಾಗಿದ್ದ ಇಬ್ನ್ ಉಮ್ಮೆ ಮಕ್ತೂಮರನ್ನು ಪ್ರವಾದಿಯವರು ಅಜಾನ್ ಕೊಡಲು ನೇಮಿಸಿದರು, ತಾವು ಊರಲ್ಲಿಲ್ಲದಾಗ ಮದೀನಾವನ್ನೇ ಅವರಿಗೆ ವಹಿಸಿ ಹೋದರು. ಇದನ್ನು ಮಿಂಬರಿನ ಮೇಲೆ ನಿಂತು ಹೇಳುವವರೇ ಬಾಗಿಲಲ್ಲಿ ನಮ್ಮ ಮಕ್ಕಳನ್ನು ತಡೆಯುತ್ತಾರೆ. ಇನ್ನು ಉರುಸು, ಗಣಪತಿ, ಜಯಂತಿ, ಮದುವೆ, ಎಲ್ಲ ಮೆರವಣಿಗೆಗೂ ಡಿ.ಜೆ. ಇಲ್ಲಿ ಮಾತ್ರ ಎಲ್ಲ ಧರ್ಮದವರೂ ಒಂದೇ! ರಾತ್ರಿ 10ರ ನಂತರ ಧ್ವನಿವರ್ಧಕ ಕೂಡದೆಂಬ ನಿಯಮ 2000ದಿಂದಲೂ ಇದೆ. ಆ ಎದೆ ನಡುಗಿಸುವ ಸದ್ದಿಗೆ ನನ್ನ ಮಗ ತಲೆಯನ್ನು ಗೋಡೆಗೆ ಬಡಿದುಕೊಳ್ಳುತ್ತಾನೆ.

ಕಡೆಗೆ, ಯಾರೂ ಬಾಯಿಬಿಟ್ಟು ಆಡದ ಆಸ್ತಿಯ ವಿಚಾರ. "ಅವಗ್ಯಾಕ ಪಾಲು, ತಿಂದುಂಡು ಇರತಾನ" ಎನ್ನುವುದು ಎಷ್ಟೋ ಮನೆಗಳ ಮಾತು. ನಮ್ಮ ವೈಯಕ್ತಿಕ ಕಾನೂನಿನಲ್ಲಿ ವೈಕಲ್ಯದ ಕಾರಣಕ್ಕೆ ವಾರಸುದಾರನ ಪಾಲು ತಪ್ಪುವುದಿಲ್ಲ; ತಪ್ಪಿಸುವವರು ಅಣ್ಣತಮ್ಮಂದಿರು. ಅಂಥ ಮಗನಿಗೆ ಹೆಚ್ಚಿಗೆ ಕೊಡಬೇಕೆಂದರೆ ವಸೀಯತ್ತಿನಿಂದ ಆಗದು, ಉಳಿದ ವಾರಸುದಾರರು ಒಪ್ಪಬೇಕು. ಬದುಕಿದ್ದಾಗಲೇ ಹಿಬಾ ಮಾಡಿ ಕಬ್ಜಾ ಕೊಡುವ ದಾರಿಯಿದೆ. ಮಗನಿಗೆ 18 ತುಂಬಿದ ಮೇಲೆ ಅವನ ಪರವಾಗಿ ಸಹಿ ಮಾಡಲು, ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಧಿಕಾರಿಯ ಸ್ಥಳೀಯ ಸಮಿತಿಗೆ ಅರ್ಜಿ ಹಾಕಿ ಪೋಷಕರೆಂದು ನೇಮಕವಾಗಬೇಕು, ಹೆತ್ತವರೂ ಅರ್ಜಿದಾರರೇ. ಅದೇ ಟ್ರಸ್ಟಿನ ನಿರಾಮಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಚಿಕಿತ್ಸೆ, ಥೆರಪಿಯ ವೆಚ್ಚ ಸಿಗುತ್ತದೆ.

ಇಳಕಲ್, ಹುನಗುಂದದ ಏಳು ತಾಯಂದಿರು ಸೇರಿ ಒಂದು ಅರ್ಜಿ ಬರೆದಿದ್ದೇವೆ. ಇಬ್ಬರು ಲಿಂಗಾಯತರು, ಮೂವರು ಮುಸ್ಲಿಮರು, ಒಬ್ಬಳು ಕುರುಬರವಳು, ಒಬ್ಬಳು ದೇವಾಂಗದವಳು. ಬೇಡಿಕೆ ಮೂರೇ ಇಟ್ಟಿದ್ದೇವೆ: ತಾಲ್ಲೂಕಿನಲ್ಲಿ ಆಟಿಸಂ ಮಕ್ಕಳೆಷ್ಟು ಎಣಿಸಿ, ಪ್ರಮಾಣಪತ್ರದ ಶಿಬಿರವನ್ನು ತಿಂಗಳಿಗೊಮ್ಮೆ ಇಲ್ಲಿಗೇ ತನ್ನಿ, ಕೋರ್ಟು ಹೇಳಿದ ಲೆಕ್ಕದಂತೆ ಮಾಸ್ತರನ್ನು ಕೊಡಿ. ಸಹಿ ಹಾಕುವವರು ಇನ್ನೂ ಬೇಕಾಗಿದ್ದಾರೆ.