ಬಾಡಿಗೆಯ ಕೋಣೆ, ಬೀದಿಯ ಕಸ

ಮಕ್ಕಳನ್ನು ಮಣಿಪಾಲದಲ್ಲಿ ಓದಲು ಬಿಟ್ಟುಬರುವ ತಂದೆತಾಯಿಗಳು ಬಾಡಿಗೆಯ ಕೋಣೆಯನ್ನು ಪರೀಕ್ಷಿಸುವ ರೀತಿ ಬಂಧುಗಳಿಗೆ ತಿಳಿದದ್ದೇ. ನಲ್ಲಿ ತಿರುಗಿಸುತ್ತಾರೆ, ಕಿಟಕಿ ತೆರೆಯುತ್ತಾರೆ, ಮುಂಗಡ ಎಷ್ಟೆಂದು ವಿಚಾರಿಸುತ್ತಾರೆ. ಕಸವನ್ನು ಯಾರಿಗೆ, ಯಾವ ಹೊತ್ತಿಗೆ ಕೊಡಬೇಕೆಂದು ಕೇಳುವವರು ವಿರಳ.

ಡಾ. ಟಿ.ಎಂ.ಎ. ಪೈ ಅವರು 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಆರಂಭಿಸಿದಾಗ ಬೋಳುಗುಡ್ಡವಾಗಿದ್ದ ಈ ಊರು ಇಂದು ಉಡುಪಿ ನಗರಸಭೆಯ ಜನನಿಬಿಡ ಭಾಗ. ವಸತಿನಿಲಯದಲ್ಲಿ ಇರದ ಅನೇಕರು ಈಶ್ವರನಗರ, ವಿದ್ಯಾರತ್ನನಗರಗಳ ಬಾಡಿಗೆ ಮನೆಗಳಲ್ಲಿದ್ದಾರೆ. ಹಸಿಕಸ, ಒಣಕಸ, ಅಪಾಯಕಾರಿ ಕಸಗಳನ್ನು ಮನೆಯಲ್ಲಿಯೇ ಬೇರ್ಪಡಿಸಬೇಕೆಂದು 2016ರ ಕೇಂದ್ರ ನಿಯಮಗಳು ವಿಧಿಸಿದವು. ಆದರೆ ಕಸದ ವಾಹನ ಬರುವ ಹೊತ್ತಿಗೆ ವಿದ್ಯಾರ್ಥಿಯು ತರಗತಿಯಲ್ಲಿ (ನಿಜ ಹೇಳಬೇಕೆಂದರೆ, ಕೆಲವೊಮ್ಮೆ ನಿದ್ರೆಯಲ್ಲಿ!), ಮನೆಯ ಮಾಲೀಕರು ಪರಊರಿನಲ್ಲಿ. ಕಟ್ಟಿಟ್ಟ ಚೀಲ ರಾತ್ರಿ ರಸ್ತೆಯ ಬದಿಗೆ ಬೀಳುತ್ತದೆ.

ಕರಾವಳಿಯ ಮಳೆಗಾಲದಲ್ಲಿ ಆ ಚೀಲ ಅಲ್ಲಿಯೇ ಇರುವುದಿಲ್ಲ. ಚರಂಡಿಯನ್ನು ಕಟ್ಟಿಹಾಕಿ, ಕೊಳಕು ನೀರನ್ನು ಇಳಿಜಾರಿನ ಮನೆಗಳ ಅಂಗಳಕ್ಕೆ ನುಗ್ಗಿಸುತ್ತದೆ. ಎಸೆದ ಲೋಟದಲ್ಲಿ, ಎಳನೀರಿನ ಬುರುಡೆಯಲ್ಲಿ ನಿಂತ ಒಂದಿಷ್ಟು ನೀರು ಡೆಂಗ್ಯೂ ಸೊಳ್ಳೆಯ ಸಂತಾನಕ್ಕೆ ಸಾಕು. ಜ್ವರದಿಂದ ಮಲಗುವವರು ಅದೇ ಕೋಣೆಗಳ ನಮ್ಮ ಮಕ್ಕಳೇ.

ವರ್ಷಕ್ಕೊಮ್ಮೆ ಪೊರಕೆ ಹಿಡಿದು ಶ್ರಮದಾನ ಮಾಡಿ ಭಾವಚಿತ್ರ ತೆಗೆಸಿಕೊಳ್ಳುವುದನ್ನು ಬೇಡವೆನ್ನಲಾರೆ. ಆದರೆ ಅದರ ಮರುವಾರ ಚೀಲಗಳು ಪುನಃ ಬೀಳುತ್ತವೆ. ಬಾಡಿಗೆಯ ಕರಾರುಪತ್ರದಲ್ಲಿಯೇ ಕಸದ ಬುಟ್ಟಿಗಳನ್ನು ಯಾರು ಒದಗಿಸಬೇಕು, ವಾಹನದ ಹೊತ್ತು ಯಾವುದು, ರಜೆಯಲ್ಲಿ ಹೊಣೆ ಯಾರದು ಎಂಬುದನ್ನು ಬರೆಸಬಹುದಲ್ಲವೇ? ಮನೆ ಕೊಡುವ ಬಂಧುಗಳೂ ಮಕ್ಕಳನ್ನು ಕಳುಹಿಸುವ ಬಂಧುಗಳೂ ಸಹಿ ಹಾಕುವ ಮುನ್ನ ಈ ಮೂರು ಸಾಲುಗಳನ್ನು ಸೇರಿಸಲಿ.