ಕೆರೆಯ ಮೀನೂ ಕೆರೆಯ ನೀರೂ

ಕೆರೆಯಲ್ಲಿ ಮೀನು ದೊರೆಯದಿದ್ದರೆ ಬಲೆಯನ್ನೋ ಗಾಳವನ್ನೋ, ಕಡೆಗೆ ಬೆಸ್ತರನ್ನೋ ಹಳಿಯುವುದು ಗ್ರಾಮಗಳಲ್ಲಿ ವಾಡಿಕೆಯಾಗಿದೆ. ಹಿಡಿಯುವ ವಿದ್ಯೆಯು ಕನ್ನಡ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ಮತ್ಸ್ಯವಿನೋದಕ್ಕೆಂದೇ ಒಂದು ಅಧ್ಯಾಯವಿದ್ದು, ಮೀನಿನ ಜಾತಿಗಳೂ ಅವುಗಳಿಗೆ ಒಡ್ಡತಕ್ಕ ಎರೆಗಳೂ ವಿವರಿಸಲ್ಪಟ್ಟಿವೆ. ಬೆಳಗಿನ ಮತ್ತು ಸಂಜೆಯ ತಂಪು ಹೊತ್ತಿನಲ್ಲಿ, ತನ್ನ ನೆರಳು ನೀರಿನ ಮೇಲೆ ಬೀಳದಂತೆ ನಿಂತು, ಜೊಂಡಿನ ಅಂಚಿನಲ್ಲಿ ಗಾಳವನ್ನು ಬಿಡಬೇಕೆಂಬುದನ್ನು ಹಳ್ಳಿಯ ಬಾಲಕರೂ ಬಲ್ಲರು. ಆದರೆ ಎರೆಯನ್ನು ಕಚ್ಚುವುದಕ್ಕೆ ನೀರಿನಲ್ಲಿ ಮೀನು ಬದುಕಿರಬೇಕಷ್ಟೆ.

ಈ ಮಾತಿನ ನಿಜವನ್ನು ತಿಳಿಯಲಿಚ್ಛಿಸುವ ಗ್ರಾಮದ ಯಜಮಾನರು ಬೆಂಗಳೂರಿನ ಹಳೆಯ ಬಡಾವಣೆಗಳ ಕೆರೆಗಳನ್ನು ನೋಡಬಹುದು. ಚಾಮರಾಜಪೇಟೆಯು 1892ರಲ್ಲಿಯೂ, ಬಸವನಗುಡಿ ಮತ್ತು ಮಲ್ಲೇಶ್ವರಗಳು 1898ರ ಪ್ಲೇಗಿನ ಕಾಲದಲ್ಲಿಯೂ ಏರ್ಪಟ್ಟುವು. ಗವೀಪುರದ ತಗ್ಗಿನಲ್ಲಿ ಕೆಂಪೇಗೌಡರ ಕಾಲದ ಕೆಂಪಾಂಬುಧಿಯಿದೆ. ಮಲ್ಲೇಶ್ವರದ ಮಗ್ಗುಲಲ್ಲಿ 1882ರಲ್ಲಿ ಕಟ್ಟಿದ, ಸುಮಾರು 37 ಎಕರೆ ವಿಸ್ತಾರದ ಸ್ಯಾಂಕಿ ಕೆರೆಯಿದೆ. ಮನೆಗಳು ಹೆಚ್ಚಿದಂತೆಲ್ಲ ಬಚ್ಚಲ ನೀರು ತಗ್ಗನ್ನರಸಿ ಮಳೆಗಾಲುವೆಗಳ ಮೂಲಕ ಇಂಥ ಕೆರೆಗಳಿಗೆ ಇಳಿಯಿತು. ಧರ್ಮಾಂಬುಧಿಯಂತೂ ಬಸ್ಸುನಿಲ್ದಾಣವಾಗಿ ಮೀನಿನ ಚಿಂತೆಯನ್ನೇ ನೀಗಿಕೊಂಡಿತು! ಅದೇ ನಗರದ ಹಲಸೂರು ಕೆರೆಯಲ್ಲಿ 2016ರ ಮಾರ್ಚಿ ತಿಂಗಳಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದುವು.

ಇದರ ಕಾರಣವು ಗೂಢವಾದುದಲ್ಲ. ಕೊಳಚೆಯು ಕೊಳೆಯುವಾಗ ನೀರಿನಲ್ಲಿ ಕರಗಿರುವ ಪ್ರಾಣವಾಯುವನ್ನು ಹೀರಿಕೊಳ್ಳುತ್ತದೆ. ಹಗಲಿನಲ್ಲಿ ಪಾಚಿಯು ಪ್ರಾಣವಾಯುವನ್ನು ಕೊಡುವುದಾದರೂ ರಾತ್ರಿಯಲ್ಲಿ ತಾನೂ ಅದನ್ನೇ ಉಸಿರಾಡುವುದರಿಂದ, ಅರುಣೋದಯದ ವೇಳೆಗೆ ಕೊರತೆಯು ಅತ್ಯಧಿಕವಾಗುತ್ತದೆ. ಆ ಹೊತ್ತಿನಲ್ಲಿ ಮೀನುಗಳು ಮೇಲೆ ಬಂದು ಬಾಯಿ ತೆರೆಯುವುದನ್ನು ಕಂಡು, ಕೆರೆಯು ತುಂಬಿ ತುಳುಕುತ್ತಿದೆಯೆಂದು ಹಿಗ್ಗುವವರುಂಟು. ವಾಸ್ತವವಾಗಿ ಅವು ಉಸಿರಿಗಾಗಿ ತಳಮಳಿಸುತ್ತಿರುವುವು. ಆಗ ಗೊಬ್ಬರವನ್ನೂ ಮೇವನ್ನೂ ನಿಲ್ಲಿಸಿ ಹೊಸ ನೀರನ್ನು ಹಾಯಿಸತಕ್ಕದ್ದು.

ಮರಿ ಬಿಡುವ ವಿಷಯದಲ್ಲಿಯೂ ತಪ್ಪು ತಿಳಿವಳಿಕೆ ಬಹಳ. ಕಾಟ್ಲಾ, ರೋಹು, ಮೃಗಾಲ್ ಜಾತಿಗಳು ಹರಿಯುವ ನದಿಯವು. ನಿಂತ ನೀರಿನ ಕೆರೆಯಲ್ಲಿ ಸಾಮಾನ್ಯವಾಗಿ ಮೊಟ್ಟೆಯಿಡುವುದಿಲ್ಲ. 1957ರ ಜುಲೈ 10ರಂದು ಒಡಿಶಾದ ಅಂಗುಲದಲ್ಲಿ ಹೀರಾಲಾಲ್ ಚೌಧುರಿಯವರು ಪಿಟ್ಯುಟರಿ ಗ್ರಂಥಿಯ ರಸವನ್ನು ಚುಚ್ಚಿ ಇಂಥ ಮೀನುಗಳಿಂದ ಮೊಟ್ಟೆಯಿಡಿಸಿದ ಮೇಲೆ, ನದಿಯಲ್ಲಿ ಮರಿಗಳನ್ನು ಹುಡುಕುವ ಕಷ್ಟವು ತಪ್ಪಿತು. ಕಾಟ್ಲಾ ಮೇಲ್ಪದರದಲ್ಲಿಯೂ, ರೋಹು ನಡುವೆಯೂ, ಮೃಗಾಲ್ ತಳದಲ್ಲಿಯೂ ಮೇಯುವುದರಿಂದ ಮೂರನ್ನೂ ಕೂಡಿಸಿ ಬಿಡುವುದೇ ಯುಕ್ತ. ಮರಿಗಳು ನಾಲ್ಕು ಅಂಗುಲಕ್ಕೆ ಕಡಮೆಯಿರಕೂಡದು; ಚಿಕ್ಕವನ್ನು ಬಿಡುವುದೆಂದರೆ ಕೊರಮೀನಿಗೆ ಔತಣವಿಟ್ಟಂತೆ. ಚೆನ್ನಾಗಿ ನೋಡಿಕೊಳ್ಳುವ ಕುಂಟೆಗೆ ಎಕರೆಗೆ 2,000 ಮರಿಗಳು ಸಾಕು. ದೊಡ್ಡ ಕೆರೆಗೆ ಇನ್ನೂ ಕಡಮೆ. ತೂಬಿಗೂ ಕೋಡಿಗೂ ಜಾಲರಿಯಿರಬೇಕು. ನಿಷೇಧಿತವಾದ ಆಫ್ರಿಕದ ಕ್ಯಾಟ್‌ಫಿಷ್ ಮೀನನ್ನಂತೂ ಲಾಭದಾಸೆಯಿಂದಲೂ ತರಕೂಡದು. ಅದು ಕೋಡಿಯನ್ನು ದಾಟಿತೆಂದರೆ ಕೆಳಗಿನ ಕೆರೆಗಳ ನಾಡಮೀನುಗಳಿಗೂ ಉಳಿಗಾಲವಿಲ್ಲ.

ಇಷ್ಟೆಲ್ಲವನ್ನೂ ಒಂದು ವರ್ಷದ ಗುತ್ತಿಗೆದಾರನಿಂದ ನಿರೀಕ್ಷಿಸುವುದು ವ್ಯರ್ಥ. ವರ್ಷ ವರ್ಷವೂ ಹರಾಜು ಕೂಗಿ ಹೆಚ್ಚು ಕೂಗಿದವನಿಗೆ ಕೆರೆಯನ್ನೊಪ್ಪಿಸಿದರೆ, ಅವನು ಬೇಸಗೆಯೊಳಗೆ ಸಣ್ಣ ಕಣ್ಣಿನ ಬಲೆಯಿಂದ ಮರಿಗಳನ್ನೂ ಬಳಿದುಕೊಂಡು ಹೋಗುವನು. ಅದರಲ್ಲಿ ಅವನ ದೋಷಕ್ಕಿಂತ ಏರ್ಪಾಡಿನ ದೋಷವೇ ಹೆಚ್ಚು. ಮೊತ್ತವು ಸ್ವಲ್ಪ ಕಡಮೆಯಾದರೂ ಹಲವು ವರ್ಷಗಳ ಗುತ್ತಿಗೆಯೇ ಮೇಲು. ಬಲೆಯ ಕಣ್ಣಿನ ಅಳತೆಯನ್ನೂ ಬಿಡತಕ್ಕ ಮರಿಗಳ ಸಂಖ್ಯೆಯನ್ನೂ ಕರಾರಿನಲ್ಲಿ ಬರೆಯಿಸಿ, ಮರಿಗಳನ್ನು ಗ್ರಾಮಸ್ಥರ ಎದುರಿನಲ್ಲಿಯೇ ಎಣಿಸಿ ಬಿಡಿಸತಕ್ಕದ್ದು. ಮೊದಲ ಮಳೆಗೆ ಕಾಲುವೆಯಲ್ಲಿ ಎದುರೇರಿ ಬರುವ ನಾಡಮೀನುಗಳನ್ನು ಕೂಳಿಯೊಡ್ಡಿ ಹಿಡಿಯುವ ಪದ್ಧತಿಯನ್ನು ತಡೆಯುವುದೂ ಮುಖಂಡರ ಕೈಯಲ್ಲಿದೆ. ಆಗ ಅವುಗಳ ಹೊಟ್ಟೆಯಲ್ಲಿ ಮುಂದಿನ ವರ್ಷದ ಮೀನೆಲ್ಲ ಇರುತ್ತದೆ. ಅದೇ ಮಳೆಗೆ ಮುಂಚಿತವಾಗಿ, ಒಂದು ದಿನ ಕೆರೆಗೆ ಬರುವ ಕಾಲುವೆಯನ್ನು ಮೇಲ್ಗಡೆಯವರೆಗೂ ನಡೆದು ನೋಡಿ, ಯಾವ ಮನೆಯ ಅಥವಾ ಕಾರ್ಖಾನೆಯ ಚರಂಡಿಯು ಅದಕ್ಕೆ ಬಂದು ಸೇರಿದೆಯೆಂಬುದನ್ನು ಗುರುತು ಮಾಡಿಕೊಂಡು ಬರತಕ್ಕದ್ದು.