ಚಿತ್ರವಲ್ಲ, ಪೊಟ್ಟಣದ ಹಿಂಬದಿ ನೋಡಿ

ನಾಯಿ, ಬೆಕ್ಕಿನ ಆಹಾರದ ಗುಣಮಟ್ಟ ತಿಳಿಯುವುದು ಬೆಲೆಯಿಂದಲ್ಲ, ಪೊಟ್ಟಣದ ಹಿಂಬದಿಯ ಸಣ್ಣ ಅಕ್ಷರಗಳಿಂದ. ಅದನ್ನೂ ಲೆಕ್ಕ ಹಾಕಿಯೇ ಓದಬೇಕು. ಶೇ 10 ತೇವಾಂಶದ ಒಣ ಆಹಾರದಲ್ಲಿ ಶೇ 30, ಶೇ 80 ತೇವಾಂಶದ ಹಸಿ ಆಹಾರದಲ್ಲಿ ಶೇ 8 ಪ್ರೋಟೀನ್ ಎಂದಿದ್ದರೆ ಮೊದಲನೆಯದೇ ಮೇಲೆನಿಸುತ್ತದೆ. ನೀರಿನಂಶ ಕಳೆದರೆ ಅದು ಶೇ 33, ಎರಡನೆಯದು ಶೇ 40! ಪೊಟ್ಟಣದ ಆಹಾರವೇ ಏಕೆ, ಹಾಲು-ಅನ್ನ ತಿಂದೇ ಹಳ್ಳಿಯ ಬೆಕ್ಕುಗಳು ಬದುಕಲಿಲ್ಲವೇ ಎನ್ನುವವರಿದ್ದಾರೆ. ಬದುಕಿದವು, ಜೊತೆಗೆ ಇಲಿಯನ್ನೂ ಹಿಡಿದು ತಿಂದವು. ಬೆಕ್ಕಿಗೆ ಬೇಕಾದ ಟಾರಿನ್ ಎಂಬ ಪೋಷಕಾಂಶ ಇರುವುದು ಮಾಂಸದಲ್ಲಿ. ಅದರ ಕೊರತೆ ಹೃದಯವನ್ನೇ ದುರ್ಬಲಗೊಳಿಸುತ್ತದೆಂದು ಅಮೆರಿಕದ ಸಂಶೋಧಕರು 1987ರಲ್ಲೇ ತೋರಿಸಿದ್ದಾರೆ. ಫ್ಲಾಟಿನೊಳಗಿನ ಬೆಕ್ಕಿಗೆ ಇಲಿ ಎಲ್ಲಿಂದ ಬರಬೇಕು? ನಾಯಿ ಮುದ್ದೆ ಅರಗಿಸಿಕೊಂಡೀತು, ಆದರೆ ಅದೊಂದೇ ಸಾಲದು. ಈರುಳ್ಳಿ ಹಾಕಿದ ಸಾರಂತೂ ನಾಯಿಗೆ ವಿಷ. ಪೊಟ್ಟಣದ ಆಹಾರ ದುಬಾರಿ ಬ್ರಾಂಡಿನದೇ ಆಗಬೇಕಿಲ್ಲ. ‘ಸಂಪೂರ್ಣ, ಸಮತೋಲಿತ’ ಎಂದಿದೆಯೇ, ಪ್ರಾಣಿಯ ವಯಸ್ಸಿಗೆ ಹೊಂದುತ್ತದೆಯೇ ಎಂದು ನೋಡಿ ಕೊಳ್ಳಿ. ಸಂಶಯವಿದ್ದರೆ ಪಶುವೈದ್ಯರನ್ನು ಕೇಳಿ.